ಕೈಮುಗಿಯಲು ಎದುರಿಗೆ ಯಾರೂ ಇಲ್ಲ

ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಅಂಗಳದಲ್ಲಿ ಸಂಜೆ ಹೊತ್ತು ಕಾಣುವ ನೋಟ. ಮಗುವನ್ನು ವಾರ್ಡಿಗೆ ಸೇರಿಸಿ, ಹೊರಗೆ ಚಾಪೆ ಹಾಸಿ ಕುಳಿತ ದೂರದೂರಿನ ಕುಟುಂಬ. ವ್ಯಾನೊಂದು ಬಂದು ನಿಲ್ಲುತ್ತದೆ. ಯಾರೋ ಇಬ್ಬರು ಇಳಿದು ಬಿಸಿ ಚಿತ್ರಾನ್ನದ ಪೊಟ್ಟಣ ಹಂಚುತ್ತಾರೆ. ಜಾತಿ ಕೇಳುವುದಿಲ್ಲ, ಊರು ಕೇಳುವುದಿಲ್ಲ. ಆದರೂ ಆ ತಾಯಿಯ ಕೈ ಚಾಚುವ ಮುನ್ನ ಒಂದು ಕ್ಷಣ ತಡೆಯುತ್ತದೆ. ಹಸಿವಿಗಿಂತ ದೊಡ್ಡ ಸಂಕೋಚ ಅದು.

ಪಡೆದವರು ಕೊಟ್ಟವರಿಗಿಂತ ಕಿರಿಯರೇ?

12ನೇ ಶತಮಾನದ ಶರಣರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದರು. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. ಅದಕ್ಕೇ ಅವರು ದಾಸೋಹವನ್ನು ಎತ್ತಿ ಹಿಡಿದರು: ಇಲ್ಲಿ ಕೊಡುವವನೇ ದಾಸ. ನಾನು ಕೊಟ್ಟೆ ಎಂಬ ಭಾವ ಉಳಿದರೆ ಅದು ದಾಸೋಹವಲ್ಲ. 2019ರ ಜನವರಿ 21ರಂದು ಲಿಂಗೈಕ್ಯರಾದ ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಜಾತಿ ನೋಡದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟದ್ದು ಈ ನಂಬಿಕೆಯಿಂದಲೇ.

ಈ ತತ್ತ್ವ ಇಂದು ಅತ್ಯಂತ ನಿಚ್ಚಳವಾಗಿ ಕಾಣುವುದು, ಬಹುಶಃ, ಆಸ್ಪತ್ರೆಯ ರಕ್ತನಿಧಿಯಲ್ಲಿ. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ದೇಶದಲ್ಲಿ ಹಣಕ್ಕಾಗಿ ರಕ್ತ ಕೊಡುವುದು ನಿಷಿದ್ಧ. ಸ್ವಯಂಪ್ರೇರಿತ ದಾನಿ 350 ಎಂ.ಎಲ್. ಕೊಟ್ಟು, ಒಂದು ಲೋಟ ಜ್ಯೂಸ್ ಕುಡಿದು ಮನೆಗೆ ಹೋಗುತ್ತಾನೆ. ಆ ರಕ್ತ ಪಡೆಯುವ ಮಗುವಿನ ಮುಖ ನೋಡುವುದಿಲ್ಲ. ಚೀಲದ ಮೇಲೆ ರಕ್ತದ ಗುಂಪು, ಒಂದು ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಹೆಸರಿಲ್ಲ. ಸಂಕೋಚಕ್ಕೂ ಜಾಗವಿಲ್ಲ, ಹಮ್ಮಿಗೂ ಇಲ್ಲ.

ಎಷ್ಟೋ ಅಪ್ಪಂದಿರು, ಮಗು ಚೇತರಿಸಿಕೊಂಡ ಮೇಲೆ, ತಾವೇ ರಕ್ತನಿಧಿಗೆ ಬಂದು ದಾನಿಯ ಮಂಚದ ಮೇಲೆ ತೋಳು ಚಾಚಿ ಮಲಗುತ್ತಾರೆ.