ಮುಯ್ಯಿ

ಮುಯ್ಯಾಳು ಎಂದರೆ ಏನೆಂದು ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ. ಇವತ್ತು ನೀನು ನನ್ನ ಗದ್ದೆಯ ನಾಟಿಗೆ ಬಾ, ನಾಳೆ ನಿನ್ನ ಗದ್ದೆಗೆ ನಾನು. ಕೂಲಿಯಿಲ್ಲ, ಲೆಕ್ಕವುಂಟು. ಹದ ಯಾರಿಗೂ ಕಾಯುವುದಿಲ್ಲ ಎಂಬ ಭಯವೇ ಇದರ ಬೇರು. ಧರ್ಮ, ಪುಣ್ಯ ಎಲ್ಲ ಆಮೇಲೆ ಬಂದವು.

*

ಅದೇ ಮುಯ್ಯಿ ಮದುವೆಮನೆಯಲ್ಲಿ ಉಡುಗೊರೆ, ಜಗಳದಲ್ಲಿ ಸೇಡು. ಉಪಕಾರ ತೀರಿಸುವುದಕ್ಕೂ ಹಗೆ ತೀರಿಸುವುದಕ್ಕೂ ಕನ್ನಡ ಒಂದೇ ಮಾತು ಇಟ್ಟುಕೊಂಡಿದೆ. ಪಡೆದ ನೆರವು ಎದೆಯ ಮೇಲೆ ಎಷ್ಟು ಭಾರವಾಗಿ ಕೂರುತ್ತದೆಂದು ಬಲ್ಲವರೇ ಹಾಗೆ ಬಳಸಿರಬೇಕು.

*

“ಯಾರ ಹಂಗೂ ಇಲ್ಲದೆ ಬದುಕಿದವ ನಾನು” ಎಂದು ಗಂಡಸೊಬ್ಬ ಹೇಳುವಾಗ ಅವನ ಹೆಂಡತಿಯ ಮುಖ ನೋಡಬೇಕು.

*

ಒಮ್ಮೆಯಾದರೂ ಕೊಟ್ಟು ಗೊತ್ತಿದ್ದವನು ಕೇಳುತ್ತಾನೆ. ಎಂದೂ ಕೊಡದವನಿಗೆ ಅದು ಬೇಡುವುದಾಗಿ ಕಾಣುತ್ತದೆ.

*

1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸಹಕಾರಿ ಕಾಯ್ದೆ ಬಂದು ಒಂದೇ ವರ್ಷವಾಗಿತ್ತು. ಅದರ ಪ್ರಕಾರ ಹಳ್ಳಿಯ ಸಂಘ ಮುಳುಗಿದರೆ ಸದಸ್ಯರ ಸ್ವಂತ ಆಸ್ತಿಯೂ ಅದರ ಸಾಲಕ್ಕೆ ಹೊಣೆ. ಸಾಹುಕಾರನ ಕಟ್ಟೆಗೆ ಒಬ್ಬೊಬ್ಬರಾಗಿ ಹೋಗಿ ನಿಲ್ಲುತ್ತಿದ್ದವರು ಇಲ್ಲಿ ಒಬ್ಬರಿಗೊಬ್ಬರು ಜಾಮೀನಾದರು. ಪಕ್ಕದವನ ಬೆಳೆ ಕೆಟ್ಟರೆ ನನ್ನ ಹೊಲಕ್ಕೂ ಕುತ್ತು ಬಂದೀತೆಂದು ಗೊತ್ತಿದ್ದೂ ಹೆಸರು ಬರೆಸುವುದು ಸಣ್ಣ ಧೈರ್ಯವಲ್ಲ. ಗೆಳೆಯನೊಬ್ಬನ ಬ್ಯಾಂಕ್ ಸಾಲಕ್ಕೆ ಸಹಿ ಹಾಕುವಾಗ ನನ್ನ ಕೈ ನಡುಗಿತ್ತು. ಸುಳ್ಳೇಕೆ, ಪೆನ್ನು ಬರೆಯುತ್ತಿಲ್ಲ ಎಂದೂ ಒಮ್ಮೆ ಹೇಳಿ ನೋಡಿದೆ.

*

ಊರು ಎಲ್ಲ ಕಾಲಕ್ಕೂ ತಾಯಿಯಲ್ಲ. 2020ರ ಲಾಕ್‌ಡೌನಿನಲ್ಲಿ ಗಂಟುಮೂಟೆ ಹೊತ್ತು ಬೆಂಗಳೂರಿನಿಂದ ನಡೆದುಹೊರಟವರಿಗೆ ಹೆದ್ದಾರಿಯ ಬದಿಯಲ್ಲಿ ಗುರುತಿಲ್ಲದವರು ಅನ್ನ ಬಡಿಸಿದರು. ಅದೇ ದಿನಗಳಲ್ಲಿ ಎಷ್ಟೋ ಹಳ್ಳಿಗಳು ತಮ್ಮ ದಾರಿಗೆ ಮುಳ್ಳುಕಂಟಿ ಎಳೆದವು. ಬಡಿಸಿದವರೂ ನಾವೇ, ಎಳೆದವರೂ ನಾವೇ.

*

ಯಾವಾಗಲೂ ಮೇಲೇ ಇರಬಯಸುವ ಕೈಯಿಂದ ಏನನ್ನೂ ತೆಗೆದುಕೊಳ್ಳಬೇಡಿ.

*

ಕೆಲವನ್ನು ಒಬ್ಬರೇ ದಾಟಬೇಕು. ಆಪರೇಷನ್ ಕೋಣೆಯ ಬಾಗಿಲು. ಹೋದವರ ಅಂಗಿಗಳನ್ನು ಮಡಿಸಿಡುವ ಮಧ್ಯಾಹ್ನ. ಆಗ ಮಾತಾಡಿಸುವವರು ಬೇಡ. ಒಳಗೆ ಯಾರೋ ಕಾಫಿಗಿಡುತ್ತಿರುವ ಸದ್ದು ಕೇಳಿದರೆ ಸಾಕು.

*

“ಏನಾದರೂ ಬೇಕಿದ್ದರೆ ಹೇಳಿ” ಎಂದವರು ಬಹಳ ಜನ, ಹೆಸರು ನೆನಪಿಲ್ಲ. ಏನನ್ನೂ ಕೇಳದೆ ರಾತ್ರಿ ಡಬ್ಬಿ ತಂದಿಟ್ಟು ಹೋದವರ ಚಪ್ಪಲಿ ಸದ್ದು ಇನ್ನೂ ಕಿವಿಯಲ್ಲಿದೆ.

*

ಸ್ಟೀಲ್ ಪಾತ್ರೆಗೆ ಅಮ್ಮ ಹೆಸರು ಹಾಕಿಸುತ್ತಿದ್ದಳು. ಪಾತ್ರೆ ನಾಲ್ಕು ಮನೆ ಸುತ್ತುತ್ತದೆಂದು ಅವಳಿಗೆ ಖಾತ್ರಿಯಿತ್ತು. ಹಾಗೆ ಬಂದ ಪಾತ್ರೆಯನ್ನು ಖಾಲಿ ಕಳಿಸುವಂತಿರಲಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ನಮ್ಮ ಅಟ್ಟದ ಮೇಲೆ ಬೇರೆಯವರ ಹೆಸರಿನ ಎರಡು ತಟ್ಟೆ, ಒಂದು ತಂಬಿಗೆ ಈಗಲೂ ಇವೆ. ಕೊಟ್ಟವರು ಕೇಳಿಲ್ಲ.