ಶ್ರೇಯಸ್ಸಿಗೆ ಒಗ್ಗುವ ಪಾದರಕ್ಷೆ

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಆತ್ಮವಿದ್ಯೆಯನ್ನು ಉಪದೇಶಿಸಲು ತೊಡಗುವಾಗ, ಎಲ್ಲಕ್ಕಿಂತ ಮೊದಲು ಶ್ರೇಯಸ್ಸನ್ನೂ ಪ್ರೇಯಸ್ಸನ್ನೂ ಬೇರ್ಪಡಿಸಿ ತೋರಿಸುತ್ತಾನೆ. ಹಿತವಾದದ್ದು ಒಂದು, ಪ್ರಿಯವಾದದ್ದು ಇನ್ನೊಂದು. ಇವೆರಡನ್ನೂ ವಿಮರ್ಶಿಸಿ ಹಿತವನ್ನು ವರಿಸುವವನು ಧೀರನೆಂಬುದು ಆ ಉಪದೇಶದ ತಾತ್ಪರ್ಯ. ಈ ವಿಚಾರವನ್ನು ತಲೆತಲಾಂತರದಿಂದ ಕೇಳುತ್ತ ಬಂದಿರುವ ನಮ್ಮಲ್ಲಿ, ಹಿತವಾದದ್ದು ಕಹಿಯಾಗಿಯೇ ಇರತಕ್ಕದ್ದು, ಸುಖಕರವಾದದ್ದೆಲ್ಲವೂ ಕೇಡಿನ ಕಡೆಗೇ ಎಳೆಯತಕ್ಕದ್ದು ಎಂಬ ಭಾವನೆಯೊಂದು ತಾನಾಗಿಯೇ ಬೇರೂರಿಬಿಟ್ಟಿದೆ. ಆದರೆ ಶ್ರೇಯಸ್ಸಿಗೂ ಪ್ರೇಯಸ್ಸಿಗೂ ನಿತ್ಯವೈರವುಂಟೆ? ಈ ಪ್ರಶ್ನೆಯನ್ನು ಮೋಟಾರ್‌ಸೈಕಲಿನ ಸವಾರನು ತನ್ನ ಕಾಲಿಗೆ ಬೂಟನ್ನು ಆರಿಸುವ ಸಂದರ್ಭದಲ್ಲಿಟ್ಟು ಪರೀಕ್ಷಿಸಬೇಕೆಂಬುದು ನನ್ನ ಉದ್ದೇಶ. ಈ ಸಂದರ್ಭ ಅಲ್ಪವೆಂದು ಯಾರೂ ಭಾವಿಸಬೇಕಾದುದಿಲ್ಲ. ರಕ್ಷಣೆಯ ಹಕ್ಕೂ ಸೌಖ್ಯದ ಹಕ್ಕೂ ಒಂದೇ ವಸ್ತುವಿನ ಮೇಲೆ ಇಷ್ಟು ಸ್ಪಷ್ಟವಾಗಿ ಎದುರುಬದುರು ನಿಲ್ಲುವ ಎಡೆಗಳು ನಿತ್ಯಜೀವನದಲ್ಲಿ ವಿರಳ.

ನಮ್ಮ ರಸ್ತೆಗಳಲ್ಲಿ ಪ್ರೇಯಸ್ಸು ಬಹುಮಟ್ಟಿಗೆ ಹವಾಯಿ ಚಪ್ಪಲಿಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಸೆಖೆಯ ಸೀಮೆಯಲ್ಲಿ ಅದು ಕಾಲಿಗೆ ಗಾಳಿಯನ್ನು ಕೊಡುತ್ತದೆ, ಮನೆಯ ಹೊಸ್ತಿಲಿನಲ್ಲಿಯೂ ಗುಡಿಯ ಬಾಗಿಲಿನಲ್ಲಿಯೂ ಕ್ಷಣಮಾತ್ರದಲ್ಲಿ ಕಳಚಿಕೊಳ್ಳುತ್ತದೆ, ಬೆಲೆಯೂ ಕಡಮೆ. ಆದರೆ ಒಂದೊಂದು ಪಾದವೂ 26 ಎಲುಬುಗಳನ್ನೂ 33 ಕೀಲುಗಳನ್ನೂ ಕೂಡಿಸಿ ರಚಿಸಿದ ಸೂಕ್ಷ್ಮ ನಿರ್ಮಾಣವಾಗಿದ್ದು, ಎರಡು ಕ್ವಿಂಟಲಿಗೆ ಸಮೀಪವಾದ ತೂಕದ ಗಾಡಿ ಮಗ್ಗುಲಾಗಿ ಉರುಳಿದಾಗ ಅದಕ್ಕೂ ನೆಲಕ್ಕೂ ನಡುವೆ ಸಿಕ್ಕಿಕೊಳ್ಳುವ ಅಂಗವೇ ಅದು. ಚಪ್ಪಲಿಯಾದರೋ ಮೊದಲ ಎಳೆತಕ್ಕೇ ಕಾಲನ್ನು ತೊರೆದು ದೂರ ಸಿಡಿದಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಪ್ರಕರಣ ಸವಾರನ ತಲೆಗೆ ಶಿರಸ್ತ್ರಾಣವನ್ನು ವಿಧಿಸಿ, ಪಾದದ ವಿಷಯದಲ್ಲಿ ಏನನ್ನೂ ಹೇಳದೆ ಬಿಟ್ಟಿದೆ. ದಂಡದ ಭಯವಿಲ್ಲದ ಈ ಎಡೆಯಲ್ಲಿ ಮನುಷ್ಯನಿಗೆ ಉಳಿಯುವುದು ಅವನ ವಿವೇಕವೊಂದೇ. ಆದಕಾರಣವೇ ಇದು ಧರ್ಮವಿಚಾರಕ್ಕೆ ಸಲ್ಲುವ ಪ್ರಶ್ನೆ.

ಶ್ರೇಯಸ್ಸಿನ ಬೇಡಿಕೆಗಳು ಕಠಿನವಾದವು. ಸವಾರಿಯ ಬೂಟು ಕಣಕಾಲನ್ನು ದಾಟಿ ಮೇಲೇರಬೇಕು. ಕಣಕಾಲಿನ ಎರಡು ಬದಿಗಳಲ್ಲಿಯೂ ಉಬ್ಬಿರುವ ಎಲುಬುಗಳ ಮೇಲೆ ಗಟ್ಟಿಯಾದ ಕವಚವಿರಬೇಕು. ಹಿಮ್ಮಡಿಯನ್ನೂ ಬೆರಳುಗಳನ್ನೂ ಆವರಿಸುವ ಭಾಗಗಳು ಕೈಯಿಂದ ಒತ್ತಿದರೆ ಬಗ್ಗದಂತಿರಬೇಕು. ಅಟ್ಟೆಯು ಅಡ್ಡಲಾಗಿ ಹಿಂಡಿದರೂ ಮುದುಡದಂತಿರಬೇಕು. ಮೇಲ್ಚರ್ಮವು ಡಾಂಬರಿನ ಮೇಲೆ ತಾನು ಉಜ್ಜಿ ಸವೆದು ಒಳಗಿನ ಕಾಲನ್ನು ಉಳಿಸುವಷ್ಟು ದಪ್ಪವಾಗಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಬಿದ್ದ ಕ್ಷಣದಲ್ಲಿ ಬೂಟು ಕಾಲನ್ನು ಬಿಟ್ಟು ಹೋಗಕೂಡದು. ಐರೋಪ್ಯ ರಾಷ್ಟ್ರಗಳು ಇಂಥ ಗುಣಗಳನ್ನು ಇಎನ್ 13634 ಎಂಬ ಮಾನದಂಡದಲ್ಲಿ ಕ್ರೋಡೀಕರಿಸಿವೆ. ಅದರ 2017ರ ಪರಿಷ್ಕರಣದಂತೆ ಬೂಟಿನ ಎತ್ತರ, ಸವೆತವನ್ನು ತಡೆಯುವ ಶಕ್ತಿ, ಕಡಿತವನ್ನು ತಡೆಯುವ ಶಕ್ತಿ, ಅಡ್ಡ ಒತ್ತಡವನ್ನು ತಾಳುವ ಬಿಗಿತ ಈ ನಾಲ್ಕಕ್ಕೂ 1 ಅಥವಾ 2 ಎಂಬ ಅಂಕವನ್ನು ಕೊಟ್ಟು, ಒಳಗಿನ ಪಟ್ಟಿಯ ಮೇಲೆ ಸವಾರನ ಚಿತ್ರದೊಡನೆ ಮುದ್ರಿಸಿರುತ್ತಾರೆ. ಹೆಚ್ಚಿನ ಅಂಕ ಹೆಚ್ಚಿನ ರಕ್ಷಣೆಯನ್ನು ಸೂಚಿಸುತ್ತದೆ.

ಇಷ್ಟನ್ನು ಮಾತ್ರ ಓದಿ, ಸೌಖ್ಯವನ್ನು ಅಪೇಕ್ಷಿಸುವುದು ದೌರ್ಬಲ್ಯವೆಂದು ಬಗೆದು, ಅತ್ಯಂತ ಕಠಿನವಾದ ಜೋಡಿಯೊಂದನ್ನು ಕೊಂಡುತಂದವನ ಗತಿಯೇನಾಗುತ್ತದೆಂಬುದನ್ನು ನಾವು ಅನೇಕರಲ್ಲಿ ಕಂಡಿದ್ದೇವೆ. ಮೊದಲ ಕೆಲವು ದಿನಗಳ ಉತ್ಸಾಹ ಇಳಿದ ಮೇಲೆ, ಹಿಮ್ಮಡಿಯಲ್ಲಿ ಬೊಬ್ಬೆಯೆದ್ದು, ಬೂಟು ಕಪಾಟನ್ನು ಸೇರಿ, ಕಾಲು ಮತ್ತೆ ಚಪ್ಪಲಿಗೆ ಮರಳುತ್ತದೆ. ಕಪಾಟಿನಲ್ಲಿರುವ ಬೂಟು ಯಾರ ಎಲುಬನ್ನೂ ಕಾಯದು. ಇದಕ್ಕಿಂತ ಸೂಕ್ಷ್ಮವಾದ ಮಾತೊಂದಿದೆ. ಸವಾರನ ಎಡಗಾಲಿನ ತುದಿ ಗೇರ್ ಲಿವರಿನ ಕೆಳಗೆ ಸಲೀಸಾಗಿ ನುಸುಳಬೇಕು. ಬಲಗಾಲು ಬ್ರೇಕಿನ ಪೆಡಲನ್ನು ಎಷ್ಟು ಒತ್ತಿದೆನೆಂಬುದನ್ನು ಅಟ್ಟೆಯ ಮೂಲಕವೇ ಅರಿಯಬೇಕು. ಆಗುಂಬೆಯ ತಿರುವಿನಲ್ಲಿ ಮಳೆ ಹೊಯ್ಯುತ್ತಿರುವಾಗ ಚಿತ್ತದ ಅರ್ಧಭಾಗ ಹಿಮ್ಮಡಿಯ ಉರಿಯಲ್ಲಿ ನೆಟ್ಟಿದ್ದರೆ, ರಸ್ತೆಗೆ ಉಳಿಯುವುದು ಇನ್ನರ್ಧ ಮಾತ್ರ. ಬಿದ್ದವನನ್ನು ಕಾಯುವುದು ಎಷ್ಟು ಅಗತ್ಯವೋ ಬೀಳದಂತೆ ಕಾಯುವುದು ಅದಕ್ಕಿಂತ ಹೆಚ್ಚು ಅಗತ್ಯ. ಆ ಎರಡನೆಯ ರಕ್ಷಣೆ ಸೌಖ್ಯವಿಲ್ಲದೆ ಸಿದ್ಧಿಸುವುದಿಲ್ಲ. ಇಲ್ಲಿ ಸೌಖ್ಯವು ರಕ್ಷಣೆಯ ಪ್ರತಿಪಕ್ಷವಾಗಿರದೆ ಅದರದೇ ಒಂದು ಅಂಗವಾಗಿ ನಿಲ್ಲುತ್ತದೆ.

ಹಾಗಾದರೆ ಯಮನ ವಿಭಾಗ ತಪ್ಪಾಯಿತೆ? ತಪ್ಪಾಗಲಿಲ್ಲ, ನಾವು ಗೆರೆಯೆಳೆದ ಸ್ಥಳ ತಪ್ಪಾಯಿತು. ಸುಖದಲ್ಲಿಯೇ ಎರಡು ಬಗೆಗಳುಂಟು. ಅಂಗಡಿಯಲ್ಲಿ ಬೂಟಿನೊಳಗೆ ಕಾಲಿಟ್ಟ ಕೂಡಲೇ ಹಾಯೆನ್ನಿಸುವ ಮೆತ್ತನೆಯ ಸುಖ ಒಂದು. ಐದು ಗಂಟೆಗಳ ಪ್ರಯಾಣದ ಕೊನೆಯಲ್ಲಿಯೂ ಕಾಲಿದೆಯೆಂಬ ನೆನಪನ್ನೇ ತರದ ಸುಖ ಇನ್ನೊಂದು. ಹಾಗೆಯೇ ಕಷ್ಟದಲ್ಲಿಯೂ ಎರಡು ಬಗೆಗಳು: ಹೊಸ ಚರ್ಮದ ಬಿಗಿತ ದಿನಗಳೆದಂತೆ ಪಾದದ ಆಕಾರಕ್ಕೆ ಒಗ್ಗಿ ಸಡಿಲುತ್ತದೆ, ಎಲುಬನ್ನು ಒತ್ತುವ ಅಳತೆಯ ದೋಷ ಎಷ್ಟು ಸಹಿಸಿದರೂ ತಿದ್ದಿಕೊಳ್ಳುವುದಿಲ್ಲ. ಮೊದಲನೆಯ ಕಷ್ಟ ತಪಸ್ಸಿಗೆ ಸಮಾನವಾದದ್ದು, ಅದು ಫಲಿಸುತ್ತದೆ. ಎರಡನೆಯದು ಬರಿಯ ಕ್ಲೇಶ. ಈ ನಾಲ್ಕನ್ನೂ ಬೇರ್ಪಡಿಸಬಲ್ಲ ಬುದ್ಧಿಯೇ ಇಲ್ಲಿ ವಿವೇಕವೆನಿಸಿಕೊಳ್ಳುತ್ತದೆ, ಮತ್ತು ಅದು ಸಾವಧಾನವಾದ ಪರೀಕ್ಷೆಯಿಂದ ಮಾತ್ರ ಲಭಿಸುತ್ತದೆ. ದಿನದ ಓಡಾಟದಿಂದ ಪಾದಗಳು ತುಸು ಉಬ್ಬಿರುವ ಸಂಜೆಯ ಹೊತ್ತಿನಲ್ಲಿ, ಸವಾರಿಗೆ ಬಳಸುವ ಕಾಲುಚೀಲವನ್ನೇ ತೊಟ್ಟು, ಎರಡೂ ಕಾಲಿಗೆ ಬೂಟನ್ನು ಹಾಕಿ, ಎರಡರಲ್ಲಿ ದೊಡ್ಡದಾದ ಪಾದಕ್ಕೆ ಒಗ್ಗುವ ಅಳತೆಯನ್ನು ಆರಿಸಬೇಕು. ಬೆರಳುಗಳಿಗೆ ಅಲುಗಾಡುವ ಎಡೆಯಿರಬೇಕು, ನಡೆದಾಗ ಹಿಮ್ಮಡಿ ಮೇಲೇಳಕೂಡದು. ನಿಂತು ನೋಡಿದರೆ ಸಾಲದು. ಗಾಡಿಯ ಮೇಲೆ ಕುಳಿತು, ಕಣಕಾಲನ್ನು ಬಗ್ಗಿಸಿ, ಗೇರ್ ಬದಲಿಸುವಂತೆ ಕಾಲನ್ನಾಡಿಸಿ ನೋಡಬೇಕು. ಲೇಸಿನ ತುದಿ ಜೋತುಬಿದ್ದು ಲಿವರಿಗೆ ಸಿಕ್ಕಿಕೊಳ್ಳದಂತೆ ಅದರ ಮೇಲೆ ಮುಚ್ಚಿಗೆಯಿರಬೇಕು. ಮಲೆನಾಡಿನ ಮಳೆಯಲ್ಲಿ ಓಡಾಡುವವನಿಗೆ ನೀರನ್ನು ಒಳಗೆ ಬಿಡದ ಪೊರೆಯೂ, ರಾಯಚೂರಿನ ಬಿಸಿಲಿನಲ್ಲಿ ಸಂಚರಿಸುವವನಿಗೆ ಗಾಳಿಯಾಡುವ ರಂಧ್ರಗಳೂ ಬೇಕು. ಎಲ್ಲರಿಗೂ ಒಂದೇ ಶ್ರೇಯಸ್ಸೆಂಬುದಿಲ್ಲ.

ಸೌಖ್ಯವೂ ಸಾಧನೆಯ ಅಂಗವೆಂಬ ಈ ವಿಚಾರ ಹೊಸತೇನೂ ಅಲ್ಲ. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಚರ್ಮದ ವಸ್ತುಗಳನ್ನು ಕುರಿತ ಒಂದು ಖಂಧಕವೇ, ಎಂದರೆ ಅಧ್ಯಾಯವೇ, ಇದೆ. ಚಂಪಾನಗರದ ಧನಿಕಪುತ್ರನಾದ ಸೋಣ ಕೋಳಿವಿಸನು ಸುಖದಲ್ಲಿ ಬೆಳೆದು ಅತಿಕೋಮಲವಾದ ಪಾದಗಳುಳ್ಳವನಾಗಿದ್ದು, ಭಿಕ್ಷುವಾದ ಮೇಲೆ ಧ್ಯಾನಕ್ಕಾಗಿ ಅತ್ತಿತ್ತ ನಡೆಯುವ ಚಂಕ್ರಮಣದ ಹಾದಿ ರಕ್ತದಿಂದ ನೆನೆಯುವವರೆಗೂ ಬರಿಗಾಲಿನಲ್ಲಿ ನಡೆದು, ಆದರೂ ಚಿತ್ತಕ್ಕೆ ಬಿಡುಗಡೆಯನ್ನು ಕಾಣದೆ, ಮನೆಗೆ ಹಿಂದಿರುಗುವ ಯೋಚನೆಗೆ ಬಂದನು. ಬುದ್ಧನು ಅವನ ಬಳಿಗೆ ಬಂದು, ಪೂರ್ವಾಶ್ರಮದಲ್ಲಿ ವೀಣೆಯನ್ನು ನುಡಿಸುತ್ತಿದ್ದ ಅವನಿಗೆ, ತಂತಿ ಅತಿಯಾಗಿ ಬಿಗಿದಿದ್ದರೂ ಅತಿಯಾಗಿ ಸಡಿಲಿದ್ದರೂ ನಾದ ಹೊರಡದೆಂಬುದನ್ನು ನೆನಪಿಗೆ ತಂದನು. ಕಥೆ ಅಷ್ಟಕ್ಕೇ ಮುಗಿಯದು. ಆ ಬಳಿಕ ಬುದ್ಧನು ಸೋಣನಿಗೆ ಒಂದೇ ಪದರದ ಅಟ್ಟೆಯ ಪಾದರಕ್ಷೆಯನ್ನು ಅನುಮತಿಸಿದನು. ಸಾಧನೆಯ ಪರಮರಹಸ್ಯವನ್ನು ಬೋಧಿಸಿದ ಗುರುವೇ ಶಿಷ್ಯನ ಕಾಲಿನ ಗಾಯವನ್ನೂ ಗಮನಿಸಿದನೆಂಬುದು ನನಗೆ ಬಹು ದೊಡ್ಡ ಮಾತಾಗಿ ತೋರುತ್ತದೆ. ಮಧ್ಯಮಮಾರ್ಗವನ್ನು ನಡೆಯಬೇಕಾದ ಪಾದಕ್ಕೆ ನಡೆಯುವ ಶಕ್ತಿಯನ್ನು ಉಳಿಸಿಕೊಡುವುದು ಆ ಮಾರ್ಗಕ್ಕೆ ಹೊರಗಿನ ಕೆಲಸವಲ್ಲ.

ದೇಹ ನಶ್ವರ, ಆಯುಸ್ಸು ದೈವಾಧೀನ, ಹಣೆಯಲ್ಲಿ ಬರೆದದ್ದನ್ನು ಬೂಟು ಅಳಿಸೀತೆ ಎನ್ನುವವರುಂಟು. ಇದು ವೈರಾಗ್ಯದ ವೇಷ ತೊಟ್ಟ ಆಲಸ್ಯವೆಂದು ನಾನು ನಂಬಿದ್ದೇನೆ. ಶ್ರೇಯಸ್ಸನ್ನು ಬೋಧಿಸಿದ ಆ ಕಠೋಪನಿಷತ್ತೇ ಮುಂದೆ ಶರೀರವನ್ನು ರಥವೆಂದೂ ಆತ್ಮನನ್ನು ರಥಿಯೆಂದೂ ಬುದ್ಧಿಯನ್ನು ಸಾರಥಿಯೆಂದೂ ನಿರೂಪಿಸುತ್ತದೆ. ರಥವು ನಶ್ವರವೆಂಬ ಕಾರಣದಿಂದ ಅದರ ಚಕ್ರವನ್ನು ಉಪೇಕ್ಷಿಸಿದ ಸಾರಥಿ ರಥಿಯನ್ನು ಗುರಿ ಮುಟ್ಟಿಸಲಾರನು. ದೈವ ಹೇಗೂ ಇರಲಿ, ಪುರುಷಪ್ರಯತ್ನಕ್ಕೆ ಒಪ್ಪಿಸಿದ ಭಾಗವನ್ನು ಪೂರೈಸಿದವನಿಗೆ ಮಾತ್ರ ದೈವದ ಹೆಸರನ್ನೆತ್ತುವ ಅಧಿಕಾರ. ಇದರ ಜೊತೆಗೆ, ಉತ್ತಮವಾದ ಬೂಟನ್ನು ತೊಟ್ಟ ಮಾತ್ರಕ್ಕೆ ವೇಗಕ್ಕೆ ಹಕ್ಕು ದೊರೆಯಿತೆಂದು ತಿಳಿಯುವವನೂ ದಾರಿ ತಪ್ಪಿದವನೇ. ಕವಚವನ್ನು ತೊಡುವುದೆಂದರೆ ತಾನು ಭೇದ್ಯನೆಂಬುದನ್ನು ಒಪ್ಪಿಕೊಳ್ಳುವುದು. ಆ ವಿನಯವನ್ನು ಕಳೆದುಕೊಂಡವನು ಕವಚದ ಅರ್ಥವನ್ನೇ ಕಳೆದುಕೊಂಡಂತೆ.

ಸೋಣನ ಕಥೆಯ ಕೊನೆಯ ಭಾಗವೇ ನಮಗೆ ಅತ್ಯಂತ ಅವಶ್ಯವಾದದ್ದು. ತನಗೊಬ್ಬನಿಗೆ ದೊರೆತ ಆ ಅನುಮತಿಯನ್ನು ಅವನು ಸ್ವೀಕರಿಸಲಿಲ್ಲ. ಸಂಘಕ್ಕೆಲ್ಲ ಅನುಮತಿಯಾದರೆ ತಾನೂ ತೊಡುವೆನೆಂದನು, ಬುದ್ಧನು ಹಾಗೆಯೇ ಭಿಕ್ಷುಗಳೆಲ್ಲರಿಗೂ ಅದನ್ನು ಅನುಮತಿಸಿದನು. ಇಂದು ತನ್ನ ಕಾಲಿಗೆ ಸಾವಿರಾರು ರೂಪಾಯಿಗಳ ಬೂಟನ್ನು ತೊಟ್ಟವನ ಹಿಂದೆ, ಸೀರೆಯುಟ್ಟು ಒಂದೇ ಮಗ್ಗುಲಿಗೆ ಕುಳಿತ ಮಡದಿಯ ಪಾದಗಳು ತೆಳುವಾದ ಚಪ್ಪಲಿಯಲ್ಲಿ ಗಾಡಿಯ ಬದಿಗೆ ತೂಗುತ್ತಿರುತ್ತವೆ. ನಮ್ಮ ಮನೆಬಾಗಿಲಿಗೆ ಊಟವನ್ನು ತಂದುಕೊಡುವ ಯುವಕನು ದಿನವಿಡೀ ಚಪ್ಪಲಿಯಲ್ಲಿಯೇ ಗೇರ್ ಬದಲಿಸುತ್ತಿರುತ್ತಾನೆ. ಸ್ವರಕ್ಷಣೆಯಲ್ಲಿ ನಿಂತುಹೋದ ಶ್ರೇಯಸ್ಸು ಪ್ರೇಯಸ್ಸಿನ ಇನ್ನೊಂದು ರೂಪವೇ ಸರಿ. ಬೂಟಿನ ಅಂಗಡಿಗೆ ಹೋಗುವ ಗೃಹಸ್ಥನು ಹಿಂದೆ ಕುಳಿತುಕೊಳ್ಳುವವರ ಕಾಲಿನ ಅಳತೆಯನ್ನೂ ಜೊತೆಗೆ ಒಯ್ಯಲಿ. ದುಡಿಮೆಗಾಗಿ ಜನರನ್ನು ರಸ್ತೆಗೆ ಕಳುಹಿಸುವ ಸಂಸ್ಥೆಗಳು ಅವರ ಪಾದಗಳ ಹೊಣೆಯನ್ನೂ ಹೊರಲಿ. ಹಿತವೂ ಪ್ರಿಯವೂ ಒಂದಾಗುವುದು ಸಾಧ್ಯವೆಂಬುದನ್ನು ಒಂದು ಜೊತೆ ಬೂಟು ತೋರಿಸಿಕೊಟ್ಟಿದೆ. ಆ ಐಕ್ಯವನ್ನು ಎಲ್ಲರಿಗೂ ದೊರಕಿಸುವ ಪ್ರಯತ್ನಕ್ಕೆ ಧರ್ಮವೆಂಬ ಹೆಸರು ಸಲ್ಲುತ್ತದೆ.