ಇಂದಿನ ಚಿಂತನೆ: ಗೇರ್‌ಬಾಕ್ಸ್ ಬದಲಾದ ಮೇಲೆ ಅದು ಅದೇ ಗಾಡಿಯಾ?

 

ನನ್ನ ತಮ್ಮ ನಂಜನಗೂಡು ಕಡೆಯಿಂದ ಮೈಸೂರಿನ ಬಂಡೀಪಾಳ್ಯ ಎಪಿಎಂಸಿಗೆ ಬಾಳೆಕಾಯಿ, ತರಕಾರಿ ಸಾಗಿಸುತ್ತಾನೆ. ಹಳೆಯ ಪಿಕಪ್ ಗಾಡಿ. ಈಚೆಗೆ ಲೋಡ್ ಇದ್ದಾಗ ಮೂರನೇ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಜಾರತೊಡಗಿತು. ಗೇರ್ ಆಯಿಲ್ ಇಳಿಸಿ ನೋಡಿದರೆ ಎಣ್ಣೆಯಲ್ಲಿ ಮಿನುಗುವ ಲೋಹದ ಪುಡಿ. ಒಳಗೆ ಹಲ್ಲುಗಳು ಸವೆದಿದ್ದವು. ಹೊಸದಕ್ಕೆ ದುಡ್ಡಿರಲಿಲ್ಲ. ಅದೇ ಮಾಡೆಲ್ಲಿನ ಗೇರ್‌ಬಾಕ್ಸನ್ನು ಗುಜರಿಯಿಂದ ತಂದರು. 20 ಸಾವಿರ ನಾನೇ ಕೊಟ್ಟಿದ್ದೆ.

ಭಾನುವಾರ ನಾನೂ ಗ್ಯಾರೇಜಿನಲ್ಲಿ ಕೂತಿದ್ದೆ. ಬ್ಯಾಟರಿ ವೈರ್ ಬಿಚ್ಚಿದರು. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟ್ ಕಳಚಿದರು. ಗೇರ್ ಲಿವರ್ ತೆಗೆದು, ಎಂಜಿನ್ನಿಗೆ ಬಿಗಿದ ಬೋಲ್ಟು ಸಡಿಲಿಸಿ, ಆ ಭಾರವನ್ನು ಜಾಕಿಯ ಮೇಲೆ ಇಳಿಸಿದರು. ಹೇಗೂ ಬಾಕ್ಸ್ ಇಳಿದಿದೆಯಲ್ಲ ಎಂದು ಕ್ಲಚ್ ಪ್ಲೇಟನ್ನೂ ಬದಲಿಸಿದರು. ಏರಿಸುವಾಗ ಬಾಕ್ಸ್ ಪೂರ್ತಿ ಕೂರಲಿಲ್ಲ, ಒಂದು ಬೆರಳಷ್ಟು ಸಂದು ಉಳಿಯಿತು. ಬೋಲ್ಟ್ ಬಿಗಿದು ಎಳೆಯಲು ಹೊರಟ ಹುಡುಗನನ್ನು ಮೇಸ್ತ್ರಿ ತಡೆದ. "ಹಂಗೆ ಎಳೆದ್ರೆ ಹೌಸಿಂಗ್ ಸೀಳ್ತದೆ ಕಣ್ಲಾ. ಕ್ಲಚ್ ಪ್ಲೇಟು ಮಧ್ಯಕ್ಕೆ ಕೂತಿಲ್ಲ. ಇಳಿಸಿ ಸರಿ ಮಾಡು."

ಗಾಡಿ ಚೆನ್ನಾಗಿಯೇ ಓಡಿತು. ಆದರೆ ದೊಡ್ಡ ಗಾಡಿ ತೆಗೆಯಬೇಕೆಂದು ತಮ್ಮ ಅದನ್ನು ಮಾರಲು ಹೊರಟ. ಕೇಳಿದವನು ಪಕ್ಕದೂರಿನ ಹುಡುಗ. ಅವನ ತಾಯಿ ಸಂಘದಲ್ಲಿ ಸಾಲ ಎತ್ತಿದ್ದರು. "ಗೇರ್‌ಬಾಕ್ಸ್ ಕೆಲಸ ಏನಾದ್ರೂ ಆಗಿದ್ಯಾ ಅಣ್ಣ?" ಎಂದು ಅವನು ಫೋನಿನಲ್ಲಿ ಕೇಳಿದರೆ ತಮ್ಮ "ಏನೂ ಇಲ್ಲ, ಬಂದು ನೋಡು" ಅಂದುಬಿಟ್ಟ.

ನಾನು ಮುಖ ನೋಡಿದೆ. ಅವನು ನಕ್ಕ. "ಅಕ್ಕ, ನಾಗಸೇನರ ರಥದ ಕತೆ ಹೇಳಿದ್ದು ನೀನೇ ಅಲ್ವಾ? ಚಕ್ರ ರಥ ಅಲ್ಲ, ಅಚ್ಚು ರಥ ಅಲ್ಲ. ಹಂಗೇ ಗೇರ್‌ಬಾಕ್ಸೂ ಗಾಡಿ ಅಲ್ಲ. ಬದಲಾದ್ರೆ ಏನಾಯ್ತು?"

ನನಗೆ ತಕ್ಷಣ ಉತ್ತರ ಬರಲಿಲ್ಲ. ಮಾತು ಗೊತ್ತಿಲ್ಲದೆ ಅಲ್ಲ. ಗಾಡಿ ಒಳ್ಳೆಯ ಬೆಲೆಗೆ ಹೋದರೆ ನನ್ನ 20 ಸಾವಿರವೂ ವಾಪಸು ಬರುತ್ತಿತ್ತು. ಸವೆದ ಹಲ್ಲಿನ ಪುಡಿ ನನ್ನೊಳಗೂ ಇತ್ತು.

ಆ ರಾತ್ರಿ 'ಮಿಲಿಂದ ಪ್ರಶ್ನೆ'ಯನ್ನು ಮತ್ತೆ ತೆಗೆದೆ. ರಥದ ಮಾತು ಬರುವ ಅದೇ ಗ್ರಂಥದಲ್ಲಿ ಮಾವಿನ ಹಣ್ಣಿನ ಮಾತೂ ಇದೆ. ಒಬ್ಬ ಇನ್ನೊಬ್ಬನ ಮಾವಿನ ಹಣ್ಣು ಕದಿಯುತ್ತಾನೆ. ಹಿಡಿದರೆ, "ಇವನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ, ನಾನು ತಪ್ಪಿತಸ್ಥನಲ್ಲ" ಎನ್ನುತ್ತಾನೆ. ಅವನು ಶಿಕ್ಷೆಗೆ ಅರ್ಹನೇ ಎಂದು ನಾಗಸೇನರು ಕೇಳುತ್ತಾರೆ. ಅರ್ಹನೇ ಎಂದು ಮಿಲಿಂದ ರಾಜ ಒಪ್ಪುತ್ತಾನೆ. ಏಕೆಂದರೆ ಈ ಹಣ್ಣು ಆ ಬೀಜದಿಂದಲೇ ಬಂದದ್ದು. ಎಲ್ಲವೂ ಬದಲಾಗುತ್ತದೆ, ಆದರೆ ಕಾರಣ ಮತ್ತು ಫಲದ ಕೊಂಡಿ ಕಡಿಯುವುದಿಲ್ಲ.

ಬಂಧುಗಳೇ, ನಾವು ಅನಾತ್ಮವನ್ನು ಒಪ್ಪಿಕೊಂಡದ್ದು ಯಾಕೆ? ಹಿಂದಿನ ಜನ್ಮದ ಪಾಪದಿಂದ ನೀವು ಈ ಕೇರಿಯಲ್ಲಿ ಹುಟ್ಟಿದಿರಿ ಎಂಬ ಮಾತನ್ನು ನಮ್ಮ ಹಿರಿಯರು ತಲೆಮಾರುಗಟ್ಟಲೆ ಕೇಳಿದರು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಆ ಮಾತಿನ ಬೇರನ್ನೇ ಕಿತ್ತರು. ಶಾಶ್ವತ ಆತ್ಮವೇ ಇಲ್ಲದ ಮೇಲೆ ಹುಟ್ಟಿನ ಕಳಂಕ ಅಂಟುವುದಾದರೂ ಯಾವುದಕ್ಕೆ? ಅನಾತ್ಮ ನಮ್ಮ ಬೆನ್ನಿನಿಂದ ಆ ಹೊರೆ ಇಳಿಸಿತು. ಆದರೆ ನಾವೇ ಈ ಬದುಕಿನಲ್ಲಿ ಮಾಡಿದ್ದರ ಹೊಣೆಯನ್ನು ಇಳಿಸಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಡಿಸಿದ 22 ಪ್ರತಿಜ್ಞೆಗಳಲ್ಲಿ ಸುಳ್ಳಾಡುವುದಿಲ್ಲ ಎಂಬುದೂ ಒಂದು.

ಬೆಳಿಗ್ಗೆ ತಮ್ಮನಿಗೆ ಹೇಳಿದೆ: "ಗಾಡಿಗೆ ಆತ್ಮ ಇಲ್ಲ ಸರಿ ಕಣೋ. ಆದ್ರೆ ಆ ತಾಯಿಯ ಸಾಲಕ್ಕೆ ಕಂತಿದೆ. ಕೂರದ ಮಾತನ್ನ ಧಮ್ಮದ ಬೋಲ್ಟ್ ಹಾಕಿ ಬಿಗೀಬೇಡ. ಇಳಿಸಿ ಸರಿ ಮಾಡು."

ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ ತಾನೇ ಫೋನ್ ಮಾಡಿ ಹೇಳಿದ. ಹುಡುಗ ಅದೇ ಮೇಸ್ತ್ರಿಯ ಹತ್ತಿರ ಗಾಡಿ ತೋರಿಸಿ, 15 ಸಾವಿರ ಇಳಿಸಿ ಕೊಂಡ. ನನ್ನ ದುಡ್ಡು ಅರ್ಧ ಬಂದಿದೆ, ಅರ್ಧ ಬಾಕಿ.

ಇಂದು ಯೋಚಿಸೋಣ: ನಮ್ಮನ್ನು ಬಿಡುಗಡೆ ಮಾಡಿದ ಯಾವ ಮಾತನ್ನು ನಾವು ಜಾರಿಕೊಳ್ಳಲು ಬಳಸುತ್ತಿದ್ದೇವೆ?

ಭವತು ಸಬ್ಬ ಮಂಗಲಂ. ಜೈ ಭೀಮ್.